ಭೋಸರಿ ಶೆಡ್‌ನಲ್ಲಿ ಕೌಂಟಾಶ್ ಬಾಡಿ: ನನ್ನ ಅನುಭವ

ಗೋವಾದ ಅಸಗಾಂವ್‌ನಲ್ಲಿ ಒಂದು ಕೆಫೆ ಮುಂದೆ ಹಳದಿ ಲ್ಯಾಂಬೊರ್ಗಿನಿ ಕೌಂಟಾಶ್ ಕಾರು ನಿಂತಿದೆ. ಅದನ್ನು ಮಾಡಿದ್ದು ಪುಣೆಯ ಭೋಸರಿಯಲ್ಲಿರುವ ನಮ್ಮ ಫೈಬರ್ ಶೆಡ್‌ನಲ್ಲಿ. ಪೂರ್ತಿ ಸೈಜಿನ ಶೋಪೀಸ್. ತಳ್ಳಿದರೆ ಉರುಳುತ್ತದೆ, ಬಾಗಿಲು ಮೇಲಕ್ಕೆ ಏಳುತ್ತದೆ, ಅಷ್ಟೇ. ಆರ್‌ಟಿಒ ತಲೆನೋವು ಬೇಡ ಅಂತ ಇಂಜಿನ್ ಗೋಜಿಗೇ ಹೋಗಲಿಲ್ಲ. "ಬಸ್ಸಿನ ಬಂಪರ್ ಹೊಡೆಯೋನಿಗೆ ಇದೆಲ್ಲ ಯಾಕಪ್ಪಾ?" ಅಂದವರು ನಮ್ಮ ಗಲ್ಲಿಯಲ್ಲೇ ಇದ್ದಾರೆ. ಅವರೂ ಇದನ್ನು ಓದಲಿ.

ಗಾಜಿನ ನಾರಿನ ಮ್ಯಾಟ್, ಅದನ್ನು ಗಟ್ಟಿ ಮಾಡುವ ರೆಸಿನ್, ಅಚ್ಚಿಗೆ ಅಂಟದಿರಲು ವ್ಯಾಕ್ಸ್, ಇವೆಲ್ಲ ನಮಗೆ ದಿನದ ಕೆಲಸವೇ. ಒದ್ದಾಟ ಇದ್ದದ್ದು ಆಕಾರದಲ್ಲಿ. ಮೊದಲು 1:18 ಅಳತೆಯ ಲೋಹದ (ಡೈಕಾಸ್ಟ್) ಆಟಿಕೆ ಸ್ಕ್ಯಾನ್ ಮಾಡಿಸಿ, ದೊಡ್ಡದು ಮಾಡಿ, ಮೆಷಿನ್‌ನಲ್ಲಿ ಥರ್ಮಾಕೋಲ್ ಕತ್ತರಿಸಿದೆವು. ಒಂದೂಕಾಲು ಲಕ್ಷದ ಹತ್ತಿರ ಹೋಯಿತು. ಆಟಿಕೆಯಲ್ಲಿ ಒಂದು ಮಿ.ಮೀ. ತಪ್ಪಿದ್ದರೆ ಇಲ್ಲಿ 18 ಮಿ.ಮೀ. ಮೂಗು ಊದಿಕೊಂಡಿತ್ತು, ಚಕ್ರದ ಕಮಾನು ಎಲ್ಲೋ ಇತ್ತು. ಎಲ್ಲ ಗುಜರಿಗೆ.

ಆಮೇಲೆ ದೋಣಿ ಕಟ್ಟುವವರ ಹಾಗೆ ಪ್ಲೈವುಡ್ ಅಡ್ಡಪಟ್ಟಿ ನಿಲ್ಲಿಸಿದೆವು. ಎಲ್‌ಪಿ400, ಅಂದರೆ ಮಾರಾಟಕ್ಕೆ ಬಂದ ಮೊದಲ ಕೌಂಟಾಶ್, ಅದರ ಅಳತೆಗಳು ಎಲ್ಲ ಕಡೆ ಸಿಗುತ್ತವೆ: ಉದ್ದ 4.14 ಮೀಟರ್, ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) 2.45, ಎತ್ತರ ಬರೀ 1.07. ಅಳತೆ ಕೂತಿತು, ಕಳೆ ಬರಲಿಲ್ಲ. ಕೌಂಟಾಶ್ ಅಂದರೆ ಸಪಾಟು ತಗಡು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಿಜವಾಗಿ ಸಪಾಟಾಗಿ ಮಾಡಿ ಬಿಸಿಲಿಗೆ ಇಡಿ, ಬಾನೆಟ್ ಒಳಗೆ ಕುಸಿದ ಹಾಗೆ ಕಾಣುತ್ತದೆ. ಕಣ್ಣಿಗೆ ನೇರ ಅನ್ನಿಸಬೇಕಾದರೆ ನಡುವೆ ಒಂಚೂರು ಉಬ್ಬು ಬೇಕೇ ಬೇಕು. ಇದನ್ನು ಡಿಸೈನ್ ಮಾಡಿದ ಇಟಲಿಯ ಮಾರ್ಚೆಲ್ಲೊ ಗಾಂದಿನಿಯ ಮರ್ಮ ಇಲ್ಲೇ ಇದೆ ಅಂತ ನನ್ನ ಅನಿಸಿಕೆ. 1966ರಲ್ಲಿ ಅಷ್ಟು ದುಂಡನೆಯ ಲ್ಯಾಂಬೊರ್ಗಿನಿ ಮಿಯುರಾ ಮಾಡಿದ ಮನುಷ್ಯ, ಐದೇ ವರ್ಷಕ್ಕೆ ಜಿನೀವಾ ಶೋದಲ್ಲಿ ಈ ಚೂಪು ಮೂಗು ತಂದು ನಿಲ್ಲಿಸಿದ. ಎರಡೂ ಚಂದ, ಅಲ್ವಾ?

ಕೊನೆಗೆ ಆ ಪ್ಲೈವುಡ್ ಟೆಂಪ್ಲೇಟ್ ಬದಿಗಿಟ್ಟು ಟ್ಯೂಬ್‌ಲೈಟ್ ನಂಬಿದೆ. ಪುಟ್ಟಿ ಹೊಡೆದ ಬಾಡಿಗೆ ಕಪ್ಪು ಸ್ಪ್ರೇ. ರಾತ್ರಿ ಎಲ್ಲ ದೀಪ ಆರಿಸಿ, ಮೇಲೆ ಸಾಲಾಗಿ ಟ್ಯೂಬ್‌ಲೈಟ್ ಮಾತ್ರ. ಬಾಡಿ ಮೇಲೆ ಬೆಳಕಿನ ಗೆರೆ ಹರಿಯುವುದನ್ನು ನೋಡುವುದು. ಎಲ್ಲಿ ಗೆರೆ ಮುರಿಯುತ್ತದೋ ಅಲ್ಲಿ ಪುಟ್ಟಿ ಅಥವಾ ಉಜ್ಜುವ ಪೇಪರ್. ಹೊಳಪು ಬರಲು ಮೇಲೆ ಒಂದು ಕೈ ಒರೆಸುತ್ತೇನೆ. ಏನು ಅಂತ ಹೇಳಲ್ಲ. ನೀರಂತೂ ಅಲ್ಲ. ನಮ್ಮ ಹುಡುಗರು ಇದನ್ನು ಹುಚ್ಚು ಅಂದರು. ಎರಡು ತಿಂಗಳಾದ ಮೇಲೆ ಅವರೇ ಬೆಳಕು ನೋಡದೆ ಪುಟ್ಟಿ ಮುಟ್ಟುತ್ತಿರಲಿಲ್ಲ.

ಅಷ್ಟರಲ್ಲಿ ಮಳೆಗಾಲ. ತೇವಕ್ಕೆ ಜೆಲ್‌ಕೋಟ್ (ಹೊರಮೈಯ ನುಣುಪು ಪದರ) ಸರಿಯಾಗಿ ಒಣಗಲಿಲ್ಲ, ಮೇಲಿನ ರೆಸಿನ್‌ನಲ್ಲಿರುವ ಸ್ಟೈರೀನ್ ಅನ್ನುವ ದ್ರಾವಕ ಅದನ್ನು ತಿಂದು ಇಡೀ ಬಲಗಡೆ ಸುಕ್ಕು. ಎಪ್ಪತ್ತೆಂಬತ್ತು ಸಾವಿರ ನೀರಲ್ಲಿ ಹೋಮ. ಆಮೇಲೆ ತಾಡಪತ್ರಿ ಕಟ್ಟಿ, ಒಳಗೆ ಹ್ಯಾಲೊಜೆನ್ ಹಾಕಿ ಮುಗಿಸಿದೆವು. ಕರೆಂಟ್ ಬಿಲ್ ಕೇಳಬೇಡಿ.

ಬಾಡಿಯಿಂದ ಮೋಲ್ಡ್ (ಅಚ್ಚು) ತೆಗೆಯುವಾಗ ಜೀವ ತಿಂದಿದ್ದು ಛಾವಣಿಯ ನಡುವಿನ ತೋಡು. ಅಸಲಿ ಗಾಡಿಯಲ್ಲಿ ಕೂತರೆ ಹಿಂದೆ ಏನೂ ಕಾಣುವುದಿಲ್ಲ. ಅದಕ್ಕೆ ಪೆರಿಸ್ಕೋಪ್ ಥರದ ಕನ್ನಡಿ ಇಡುವ ಯೋಚನೆ ಇತ್ತು. ಮಾರಾಟದ ಗಾಡಿಗೆ ಕನ್ನಡಿ ಬರಲಿಲ್ಲ, ಮೊದಲ ನೂರೈವತ್ತು ಚಿಲ್ಲರೆ ಗಾಡಿಗಳಲ್ಲಿ ತೋಡು ಮಾತ್ರ ಉಳಿಯಿತು. ಹಾಗಾಗಿ ರಿವರ್ಸ್ ಹೊಡೆಯಲು ಬಾಗಿಲು ಎತ್ತಿ, ಹೊಸ್ತಿಲ ಮೇಲೆ ಕೂತು, ಹೊರಗೆ ಬಗ್ಗಿ ನೋಡುತ್ತಾರೆ. ಕೆಫೆಗೆ ಬರುವವರೂ ಅದೇ ಭಂಗಿಯಲ್ಲಿ ಫೋಟೊ ತೆಗೆಸಿಕೊಳ್ಳುತ್ತಾರೆ! ಹೊಸ್ತಿಲಿಗೆ ಆಮೇಲೆ ಕಬ್ಬಿಣದ ಚೌಕ ಪೈಪ್ ಕೂರಿಸಿಕೊಟ್ಟೆ.

ಚಕ್ರದ ವಿಷಯಕ್ಕೆ ಕೆಫೆ ಮಾಲೀಕರ ಜೊತೆ ಜಗಳವೇ ಆಯಿತು. ಅವರಿಗೆ 19 ಇಂಚಿನ ಅಲಾಯ್ ಬೇಕು. ಹಾಕಿ ತೋರಿಸಿದೆ, ಮೇಳದ ಆಟಿಕೆ! ಮೂಲ ಎಲ್‌ಪಿ400ಕ್ಕೆ 14 ಇಂಚಿನ ರಿಮ್, ಹಿಂದೆ 215/70 ಟೈರ್ (215 ಮಿ.ಮೀ. ಅಗಲ, ಪಕ್ಕದ ಎತ್ತರ ಅದರ ಶೇ. 70). ಟೈರ್ ಸೇರಿ ಹೊರಗಿನ ಅಳತೆ ಎರಡಕ್ಕೂ ಹೆಚ್ಚು ಕಮ್ಮಿ ಒಂದೇ, 65 ಸೆಂ.ಮೀ. ಆದರೆ ದಪ್ಪ ರಬ್ಬರ್ ಇದ್ದಾಗಲೇ ಬಾಡಿ ನೆಲಕ್ಕೆ ಒತ್ತಿ ಕೂತ ಹಾಗೆ ಕಾಣುವುದು. ಪುಣೆಯ ಹಳೆ ಸಾಮಾನಿನ ಸಂತೆ ಜುನಾ ಬಜಾರ್‌ಗೆ ಬುಧವಾರ, ಭಾನುವಾರ ಅಲೆದು ರಿಮ್ ಹುಡುಕಿದೆ. ಕಡೆಗೆ ಅವರೂ ಒಪ್ಪಿದರು. ಎಷ್ಟು ಎತ್ತರಕ್ಕೆ ಕೂರಿಸಿದೆ ಅನ್ನುವ ಲೆಕ್ಕ ಮಾತ್ರ ನನ್ನ ಹತ್ತಿರವೇ ಇರಲಿ.

ಕೆಲಸದ ನಡುವೆ ಸುಮ್ನೆ ಮಿಯುರಾದ ಒಂದು ಹೆಡ್‌ಲೈಟ್ ಮಾಡಿದೆ, ಸುತ್ತ ಕಪ್ಪು ರೆಪ್ಪೆ ಇರುತ್ತದಲ್ಲ, ಅದು. ಮೂಲದ ದೀಪ ಫಿಯೆಟ್ 850 ಸ್ಪೈಡರ್‌ನದು. ನಾನು ಎಲ್‌ಇಡಿ ಹಾಕಿ ಗೋಡೆ ದೀಪ ಮಾಡಿದೆ. ಒಂದಕ್ಕೆ ನಾಲ್ಕು ಸಾವಿರದಂತೆ ಇಪ್ಪತ್ತರ ಮೇಲೆ ಹೋಗಿವೆ. ಈ ಅವಾಂತರದಲ್ಲಿ ನಿಜವಾಗಿ ಲಾಭ ಕೊಟ್ಟಿದ್ದು ಅದೊಂದೇ.

ಲಾರಿಯಲ್ಲಿ ಸಾಗಿಸುವಾಗ ನಿಪ್ಪಾಣಿಯಲ್ಲಿ ಚಹಾಕ್ಕೆ ನಿಂತೆವು. ಐದು ನಿಮಿಷದಲ್ಲಿ ಜಾತ್ರೆ. ಅದರ ಹೆಸರು ಯಾರಿಗೂ ಗೊತ್ತಿಲ್ಲ, ಆದರೂ ಎಲ್ಲರೂ ಸುತ್ತು ಹಾಕಿದರು. ಒಬ್ಬ ಅಜ್ಜ ಕೇಳಿದ, "ತಮ್ಮಾ, ಅವರೇಜ್ ಎಷ್ಟ ಕೊಡತೈತಿ?" ಇದ್ದದ್ದನ್ನೇ ಹೇಳಿದೆ, "ಅಜ್ಜಾರ, ಡೀಸೆಲ್ ಬೇಕಾಗೂದೇ ಇಲ್ಲ."

ಒಟ್ಟು ಆರೂವರೆ ಏಳು ಲಕ್ಷ ಬಿತ್ತು, ಕೈಗೆ ಬಂದಿದ್ದು ಐದು. ಮೋಲ್ಡ್ ನನ್ನದೇ, ಹಾಗಾಗಿ ಎರಡನೆಯದು ಎರಡು ಲಕ್ಷದೊಳಗೆ ಆಗುತ್ತದೆ. ಈಗ ಒಂದು ಕೆಂಪು ನಡೆಯುತ್ತಿದೆ. ಅದರ ಗಿರಾಕಿಗೆ ಪೋಸ್ಟರ್‌ನಲ್ಲಿ ಇರುವ ಹಾಗೆ ಹಿಂದೆ ದೊಡ್ಡ ರೆಕ್ಕೆ ಬೇಕಂತೆ. ಆ ರೆಕ್ಕೆಯಿಂದ ಅಸಲಿ ಗಾಡಿಯ ವೇಗವೇ ಕಮ್ಮಿಯಾಗುತ್ತಿತ್ತು ಅಂತ ಹೇಳಿ ನೋಡಿದೆ, ಕೇಳಲಿಲ್ಲ. ಬೋಲ್ಟ್ ಹಾಕಿ ಕೊಡುತ್ತೇನೆ, ಅದಕ್ಕೆ ನಲವತ್ತು ಸಾವಿರ ಬೇರೆ.