ಸೀಸದ ಕಾಳಿಗೊಂದು ಅಚ್ಚು: ಪೆಲೆಟ್ ಸೈಜರ್ ಮಾಡಿಕೊಂಡ ನನ್ನ ಅನುಭವ

"ಕೋವಿ ಕೆಲ್ಸ ಆದ್ರೆ ನಂಗ್ ಬೇಡ ಗೌಡ್ರೆ. ಬೇರೆ ಕಡೆ ನೋಡ್ಕಳಿ."

ಹಾಸನದ ಬಿ.ಎಂ. ರಸ್ತೆ ಪಕ್ಕದ ಲೇತ್ ಶಾಪಿನಲ್ಲಿ ಆಚಾರ್ರು ನನ್ನ ಚೀಟಿ ನೋಡಿ ಆಡಿದ ಮೊದಲ ಮಾತು ಇದು. ತಪ್ಪು ಅವರದಲ್ಲ. ಚೀಟಿಯಲ್ಲಿದ್ದದ್ದು ಉಕ್ಕಿನ ಸರಳಿನ ಒಂದು ತುಂಡು, ಅದರ ನಡುವೆ 4.5 ಮಿ.ಮೀ. ತೂತು. ಮೂಡಿಗೆರೆ ಕಡೆಯ ಗಿರಾಕಿ, ತೂತು ಕನ್ನಡಿಯ ಹಾಗೆ ನುಣ್ಣಗಿರಬೇಕು ಅಂತ ಬೇರೆ ಒತ್ತಿ ಹೇಳುತ್ತಾನೆ. ಯಾರಿಗಾದರೂ ನಳಿಗೆಯೇ ನೆನಪಾಗುತ್ತದೆ. ಜೇಬಿನಿಂದ ಡಬ್ಬಿ ತೆಗೆದು ನಾಲ್ಕು ಪೆಲೆಟ್, ಅಂದರೆ ಏರ್ ರೈಫಲ್ಲಿಗೆ ಹಾಕುವ ಸೀಸದ ಕಾಳು, ಅವರ ಅಂಗೈಗೆ ಹಾಕಿದೆ.

"ತುಂಡಿನ ಉದ್ದ ಒಂದೇ ಇಂಚು ಆಚಾರ್ರೆ. ಇದ್ರೊಳಗಿಂದ ಏನೂ ಹಾರಲ್ಲ. ಈ ಸೀಸದ ಕಾಳನ್ನ ಒಂದ್ ಕಡೆ ಇಟ್ಟು, ಒತ್ತಿ, ಇನ್ನೊಂದ್ ಕಡೆ ಬೀಳಿಸ್ತೀನಿ, ಅಷ್ಟೇ. ಚಕ್ಕುಲಿ ಒರಳಿನ ಬಿಲ್ಲೆ ಇದ್ದಂಗೆ."

ಕನ್ನಡಕ ಸರಿಮಾಡಿಕೊಂಡು ಕಾಳನ್ನು ಬೆಳಕಿಗೆ ಹಿಡಿದು ನೋಡಿದರು. "ಇಷ್ಟು ಸಣ್ಣದಕ್ಕೆ ಅಷ್ಟು ದೂರದಿಂದ ಬಂದ್ರಾ?" ಅಂದರು. ಕೆಲಸ ಒಪ್ಪಿಕೊಂಡರು ಅಂತ ಗೊತ್ತಾಯಿತು.

ನಾನು ಆಡುವುದು ಏರ್ ರೈಫಲ್ ಬೆಂಚ್‌ರೆಸ್ಟ್. ಒಂದು ಗಟ್ಟಿ ಮೇಜು, ಮುಂದೊಂದು ಹಿಂದೊಂದು ಮರಳು ಚೀಲ, ಅವುಗಳ ಮೇಲೆ ಮಲಗಿದ ರೈಫಲ್. 25 ಮೀಟರ್ ಆಚೆ ಒಂದು ಕಾರ್ಡು, ಅದರಲ್ಲಿ 25 ಗುರಿ, ಒಂದೊಂದಕ್ಕೆ ಒಂದೇ ಪೆಲೆಟ್, ಒಟ್ಟು 250 ಅಂಕ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು 10 ಮೀಟರಿನ ಆಟ. ಅದನ್ನು ನಿಂತು ಹೊಡೆಯಬೇಕು, ಅಲ್ಲಿ ಮೈಯೇ ಪರೀಕ್ಷೆ. ನಮ್ಮದರಲ್ಲಿ ಕೈ ನಡುಗಿತು ಅನ್ನುವ ನೆಪಕ್ಕೆ ಜಾಗ ಕಮ್ಮಿ. ಉಳಿಯುವುದು ಗಾಳಿ, ನಳಿಗೆ, ಪೆಲೆಟ್. ಮೊಣಕಾಲು ಕೈಕೊಟ್ಟ ಕಾಫಿ ಬೆಳೆಗಾರನಿಗೆ ಹೇಳಿ ಮಾಡಿಸಿದ ಆಟ.

ಮದ್ದಿನ ರೈಫಲ್ ಹಿಡಿದ ಬೆಂಚ್‌ರೆಸ್ಟಿನವರು ಈ ಹುಚ್ಚನ್ನು ಇನ್ನೂ ದೂರ ಒಯ್ದಿದ್ದಾರೆ. ಕಂಪನಿ ಮಾಡಿದ ತೋಟಾ ಅವರಿಗೆ ಸಾಲದು. ಅಮೆರಿಕದಲ್ಲಿ 1970ರ ದಶಕದಲ್ಲಿ ಲೂ ಪಾಲ್ಮಿಸಾನೊ ಎಂಬ ವೈದ್ಯ, ಫೆರಿಸ್ ಪಿಂಡೆಲ್ ಎಂಬ ಟೂಲ್ ಮೇಕರ್ ಸೇರಿ .220 ರಷ್ಯನ್ ತೋಟಾದ ಹಿತ್ತಾಳೆ ಕೇಸನ್ನು, ಅಂದರೆ ಮದ್ದು ತುಂಬುವ ಕೊಳವೆಯನ್ನು, ತಿದ್ದಿ ಪಿಪಿಸಿ ಎಂಬ ತೋಟಾ ಮಾಡಿದರು. ಹೆಸರಿನ ಎರಡು ಪಿಗಳು ಅವರಿಬ್ಬರೇ. .308 ಎಂಬ ಇನ್ನೊಂದು ತೋಟಾದ 51 ಮಿ.ಮೀ. ಉದ್ದದ ಕೇಸನ್ನು 39ರ ಆಸುಪಾಸಿಗೆ ಗಿಡ್ಡ ಮಾಡಿದ್ದು ಬಿ.ಆರ್., ಅಂದರೆ ಬೆಂಚ್‌ರೆಸ್ಟ್ ಕೇಸು. ಕೇಸು ಕುಳ್ಳಗೆ, ದಪ್ಪಗೆ ಇದ್ದರೆ ಮದ್ದು ಪ್ರತಿ ಸಲ ಒಂದೇ ಥರ ಹತ್ತಿ ಉರಿಯುತ್ತದೆ ಅನ್ನುವುದು ಅವರ ಲೆಕ್ಕ. ಹೀಗೆ ಯಾವ ಕಂಪನಿಯ ಪಟ್ಟಿಗೂ ಸೇರದೆ ಮನೆಯ ಶೆಡ್ಡಿನಲ್ಲಿ ಹುಟ್ಟುವ ತೋಟಾಗಳನ್ನು ವೈಲ್ಡ್‌ಕ್ಯಾಟ್ ಅಂತಾರೆ, ಅಂದರೆ ಕಾಡುಬೆಕ್ಕು. ಓದುವಾಗ ಬಾಯಲ್ಲಿ ನೀರೂರುತ್ತದೆ. ಆದರೆ ನಮ್ಮಲ್ಲಿ ತೋಟಾ ತಯಾರಿಸುವುದು 1959ರ ಆಯುಧ ಕಾಯ್ದೆಯಲ್ಲಿ ಲೈಸೆನ್ಸ್ ಬೇಡುವ ಕೆಲಸ, ಜಗುಲಿ ಮೇಲೆ ಕೂತು ಮಾಡುವಂಥದ್ದಲ್ಲ. ಅಪ್ಪನ ಕಾಲದ ಜೋಡುನಳಿಗೆ ಕೋವಿಯನ್ನು ಚುನಾವಣೆ ಬಂದಾಗಲೆಲ್ಲ ಠಾಣೆಗೆ ಕೊಟ್ಟು ರಸೀದಿ ಹಿಡಿದು ಬರುವ ಊರು ನಮ್ಮದು. 4.5 ಮಿ.ಮೀ. ಅಳತೆಯ, ಹೊಡೆತದ ಶಕ್ತಿ 20 ಜೂಲ್ ಮೀರದ ಏರ್ ರೈಫಲ್‌ಗೆ 2016ರ ಆಯುಧ ನಿಯಮಗಳು ಲೈಸೆನ್ಸ್ ಕೇಳುವುದಿಲ್ಲ. ನನ್ನದು 16 ಜೂಲಿನದು. ಸೀಸದ ಕಾಳಿನ ತಲೆ ತಿದ್ದುವುದಕ್ಕೆ ಯಾರ ಅಪ್ಪಣೆಯೂ ಬೇಡ. ನನ್ನ ಕಾಡುಬೆಕ್ಕು ಇಷ್ಟೇ ಗಾತ್ರದ್ದು.

ಕಾಫಿ ಕಣವೇ ನನ್ನ ರೇಂಜು. ಒಂದು ಮೂಲೆಯಲ್ಲಿ ಮೇಜು, ಎದುರಿಗೆ ಎರಡಾಳೆತ್ತರದ ಮಣ್ಣಿನ ಧರೆ. ಧರೆಯ ಬುಡದಲ್ಲಿ ಮರಳು ತುಂಬಿದ ಮರದ ಪೆಟ್ಟಿಗೆ, ಅದರ ಮುಂದೆ ಕಾರ್ಡು. ಲೈನ್ ಮನೆಯಿಂದ ಬರುವ ದಾರಿಗೆ ಕೆಂಪು ಬಟ್ಟೆ ಕಟ್ಟಿದ ಗಳ ಅಡ್ಡ ಇಟ್ಟ ಮೇಲೇ ರೈಫಲ್ ಹೊರಗೆ ಬರುವುದು. ನವೆಂಬರಿನಿಂದ ಫೆಬ್ರವರಿವರೆಗೆ ಕಣದ ತುಂಬ ಹಣ್ಣು ಒಣಗುತ್ತಿರುತ್ತದೆ, ಆಗ ಆಟ ಬಂದ್.

ತೊಂದರೆ ಶುರುವಾದದ್ದು ದಾರಿ ತಪ್ಪುವ ಕಾಳುಗಳಿಂದ. ಐದರಲ್ಲಿ ನಾಲ್ಕು ಒಂದೇ ತೂತಿಗೆ ಬೀಳುತ್ತಿದ್ದವು. ಐದನೆಯದು ಒಂದು ಸೆಂಟಿಮೀಟರ್ ಆಚೆ, ಕರೆಯದೆ ಬರುವ ನೆಂಟನ ಹಾಗೆ. ಗಾಳಿ ಅಂದುಕೊಂಡೆ. ಎಲೆ ಅಲುಗದ ಮುಂಜಾನೆಯಲ್ಲೂ ಅದೇ ಕಥೆ.

ಮೊದಲು ಹಿಡಿದದ್ದು ತೂಕ. ಚಿನ್ನದಂಗಡಿಯವರು ಇಟ್ಟುಕೊಳ್ಳುವಂಥ, ಒಂದು ಮಿಲಿಗ್ರಾಂ ತೋರಿಸುವ ತಕ್ಕಡಿ ತಂದೆ. ಪೆಲೆಟ್‌ನ ಹೇಳಿಕೆಯ ತೂಕ 8.44 ಗ್ರೇನ್, ನಮ್ಮ ಲೆಕ್ಕದಲ್ಲಿ 547 ಮಿಲಿಗ್ರಾಂ. ಫ್ಯಾನ್ ಆಫ್, ಕಿಟಕಿ ಬಂದ್. ಮಗಳು ಪುಸ್ತಕ ಹಿಡಿದು ಕೂತಳು, ನಾನು ಚಿಮಟದಲ್ಲಿ ಒಂದೊಂದೇ ಇಡುತ್ತಾ ಹೋದೆ. ಅವಳ ಕೆಲಸ ಬರೆಯುವುದು ಮಾತ್ರ. ಸೀಸ ಮಕ್ಕಳ ಕೈಗೆ ಹೋಗಬಾರದು; ನಾನೂ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಕಾಫಿ ಲೋಟ ಮುಟ್ಟುವುದಿಲ್ಲ. ಎರಡು ರಾತ್ರಿ ಕೂತು 500ರ ಡಬ್ಬಿ ಮುಗಿಸಿದೆವು. ಹೆಚ್ಚಿನವು 545ರಿಂದ 549ರ ಒಳಗೇ ಇದ್ದವು. ತೀರಾ ಹಗುರವಾದ ಹನ್ನೊಂದನ್ನು ಬೇರೆ ಇಟ್ಟೆವು. ಸಮತೂಕದವನ್ನೇ ಹೊಡೆದು ನೋಡಿದರೆ ಐದನೆಯ ನೆಂಟ ಮಾತ್ರ ಹಾಗೇ ಬರುತ್ತಿದ್ದ. "ಅಪ್ಪ, ಎರಡು ರಾತ್ರಿ ವೇಸ್ಟಾ?" ಅಂದಳು. ಪೂರ್ತಿ ವೇಸ್ಟ್ ಅಲ್ಲ, ತೂಕ ಅಲ್ಲ ಅನ್ನುವುದಾದರೂ ತಿಳಿಯಿತಲ್ಲ ಅಂತ ನಾನು ಸಮಜಾಯಿಷಿ ಕೊಟ್ಟೆ.

ಕೊನೆಗೆ ದಾರಿ ತೋರಿಸಿದ್ದು ಒಂದು ಗಾಜಿನ ಹಾಳೆ. ಪೆಲೆಟ್‌ನ ಆಕಾರ ನೆನಪಿಸಿಕೊಳ್ಳಿ: ಮುಂದೆ ಗುಂಡು ತಲೆ, ನಡುವೆ ಸಣ್ಣ ಸೊಂಟ, ಹಿಂದೆ ಅರಳಿದ ತೆಳು ಲಂಗ. ತಲೆ 4.5ರ ಹತ್ತಿರ, ಲಂಗ ಅದಕ್ಕಿಂತ ಸ್ವಲ್ಪ ಅಗಲ. ಇಳಿಜಾರಿನ ಗಾಜಿನ ಮೇಲೆ ಅಡ್ಡ ಇಟ್ಟು ಬಿಟ್ಟರೆ ಅದು ನೇರ ಉರುಳುವುದಿಲ್ಲ. ಅಗಲವಾದ ಲಂಗ ಹೆಚ್ಚು ದೂರ ಓಡುತ್ತದೆ, ತಲೆ ಹಿಂದುಳಿಯುತ್ತದೆ, ಕಾಳು ಕಮಾನಿನ ಹಾಗೆ ಬಾಗಿ ಇಳಿಯುತ್ತದೆ. ಒಂದು ಕಾಳಿನಿಂದ ಇನ್ನೊಂದಕ್ಕೆ ತಲೆಯ ಅಳತೆ, ಲಂಗದ ಅಳತೆ ಬದಲಾಗದಿದ್ದರೆ ಎಲ್ಲ ಕಾಳೂ ಒಂದೇ ಕಮಾನು ಹಿಡಿಯಬೇಕು. ಹಳೇ ದೇವರ ಪಟದ ಗಾಜು ತೆಗೆದು, ಒಂದು ಅಂಚಿನ ಕೆಳಗೆ ಎರಡು ನೋಟ್‌ಬುಕ್ ಇಟ್ಟು, ಬುಡದಲ್ಲಿ ಮೊಟ್ಟೆ ಟ್ರೇ ಇಟ್ಟೆ. ಹೊಸ ಡಬ್ಬಿಯ ಐವತ್ತು ಕಾಳು ಬಿಟ್ಟರೆ ನಾಲ್ಕು ಬೇರೆ ಬೇರೆ ಗುಳಿಗೆ ಬಿದ್ದವು. ಒಂದೇ ಡಬ್ಬಿ, ಒಂದೇ ತೂಕ, ನಾಲ್ಕು ಗಾತ್ರ. ಒಂದೇ ಗುಳಿಯವನ್ನು ಆರಿಸಿ ಹೊಡೆದೆ. ನೆಂಟ ಬರಲಿಲ್ಲ.

ಆರಿಸುತ್ತಾ ಕೂತರೆ ಅರ್ಧ ಡಬ್ಬಿ ಕಸಕ್ಕೆ. ಎಲ್ಲವನ್ನೂ ಒಂದೇ ಗಾತ್ರಕ್ಕೆ ತರುವ ಅಚ್ಚು, ಅಂದರೆ ಸೈಜರ್, ಇದ್ದರೆ ಕಾಸೂ ಉಳಿಯುತ್ತದೆ, ರಾತ್ರಿಯೂ ಉಳಿಯುತ್ತದೆ. ಹಾಗೆ ಹಾಸನದ ಬಸ್ಸು ಹತ್ತಿದ್ದು.

ಆಚಾರ್ರ ಲೇತಿನ ಮುಂದೆ ನಿಂತ ಆ ಮಧ್ಯಾಹ್ನವನ್ನು ನಾನು ಮರೆಯುವುದಿಲ್ಲ. 16 ಮಿ.ಮೀ. ಸಿಲ್ವರ್ ಸ್ಟೀಲ್ ಸರಳನ್ನು ಚಕ್ಕಿಗೆ ಕಚ್ಚಿಸಿದರು. ಮೊದಲು ಮುಖ ಹೊಡೆದರು, ಆಮೇಲೆ ಸೆಂಟರ್ ಡ್ರಿಲ್, ಆಮೇಲೆ 4.3ರ ಡ್ರಿಲ್. "ಒಂದೇ ಸೆಟ್ಟಿಂಗಲ್ಲಿ ಎಲ್ಲಾ ಮುಗಿಸ್ಬೇಕು. ಬಿಚ್ಚಿ ಮತ್ತೆ ಕಚ್ಚಿಸಿದ್ರೆ ತೂತು ಒಂದ್ ಕಡೆ, ಬಾಯಿ ಒಂದ್ ಕಡೆ." ನಾನು ತಂದಿದ್ದ 4.5ರ ರೀಮರನ್ನು, ಅಂದರೆ ಕೊರೆದ ತೂತನ್ನು ನುಣ್ಣಗೆ ಸರಿಯಳತೆಗೆ ತರುವ ಉಪಕರಣವನ್ನು, ಬೆರಳ ತುದಿಯಲ್ಲಿ ಸವರಿ ನೋಡಿ, ಎಣ್ಣೆ ಹಚ್ಚಿ, ವೇಗ ಇಳಿಸಿ, ಟೇಲ್‌ಸ್ಟಾಕ್ ಚಕ್ರವನ್ನು ಹೂವಿನ ಹಾಗೆ ತಿರುಗಿಸಿದರು. ಹೊರತೆಗೆಯುವಾಗಲೂ ಲೇತನ್ನು ಮುಂದಕ್ಕೇ ತಿರುಗಲು ಬಿಟ್ಟರು. ರೀಮರನ್ನು ಹಿಂದಕ್ಕೆ ತಿರುಗಿಸಿದರೆ ಅಂಚು ಸಾಯುತ್ತದೆ, ತೂತಿಗೂ ಗೀರು ಬೀಳುತ್ತದೆ. ಕೊನೆಗೆ ಬಾಯಿಯ ಕಡೆ ಟೇಪರ್ ಪಿನ್ ರೀಮರಿನಿಂದ ಸಣ್ಣ ಇಳಿಜಾರು: ಕಾಳು ತಾನಾಗಿ ನಡುವಿಗೆ ಬಂದು ಕೂರಲಿ ಅಂತ. ಗಟ್ಟಿ ಮಾಡಬೇಕಾ ಅಂತ ಕೇಳಿದೆ. "ಸೀಸಕ್ಕಾ?" ಅಂತ ನಕ್ಕರು.

ರೀಮರ್ ಮೇಲೆ ಎಚ್7 ಅಂತ ಇತ್ತು. ಈ ಗಾತ್ರಕ್ಕೆ ಅದರ ಅರ್ಥ 4.500ರಿಂದ 4.512ರ ಒಳಗೆ ಎಲ್ಲಿ ಬೇಕಾದರೂ ತೂತು ಬರಬಹುದು ಅಂತ. ನನ್ನದು 4.505ರ ಸುತ್ತ ಬಂತು.

ಊರಿಗೆ ಬಂದು ಮಾಡಿದ ಮೊದಲ ತಪ್ಪು ಒತ್ತುವ ಕಡ್ಡಿಯದು. ಚಪ್ಪಟೆ ತುದಿಯ ಪಿನ್ನು ತಗೊಂಡು ಲಂಗದ ಅಂಚಿಗೆ ಇಟ್ಟು ಒತ್ತಿದೆ. ತಲೆ ಬಾಯಲ್ಲಿ ಸಿಕ್ಕಿಕೊಂಡಿತು, ಲಂಗ ಕುಗ್ಗಿತು, ಸೊಂಟ ಮಡಚಿತು. ಕಾಳು ಹೊರಬಿದ್ದಾಗ ತುಳಿದ ಅಣಬೆಯ ಹಾಗಿತ್ತು. ಒತ್ತಡ ಬೀಳಬೇಕಾದದ್ದು ಒಳಗೆ, ತಲೆಯ ಹಿಂಬದಿಗೆ. ಪಿನ್ನನ್ನು ಲಂಗದೊಳಗೆ ಸಡಿಲವಾಗಿ ಹೋಗುವಷ್ಟು ಸಣ್ಣ ಮಾಡಿ, ತುದಿಯನ್ನು ಅರದಲ್ಲಿ ಉಜ್ಜಿ ಗುಂಡಗೆ ಮಾಡಿಕೊಂಡೆ. ಆಮೇಲೆ ಹೆಬ್ಬೆರಳ ಒತ್ತಡಕ್ಕೇ 'ಚಿಕ್' ಅಂತ ದಾಟತೊಡಗಿತು. ಒತ್ತುವ ಮೊದಲು ಕಾಳನ್ನು ಪಾತ್ರೆ ಸೋಪಿನ ನೀರಲ್ಲಿ ತೊಳೆದು, ಒಣಗಿಸಿ, ಎಣ್ಣೆ ಸವರಿದ ಬಟ್ಟೆಯಲ್ಲಿ ಒಮ್ಮೆ ಉರುಳಿಸಬೇಕು. ಒಣ ಕಾಳು ಹಾಕಿದರೆ ಅಚ್ಚಿನ ಬಾಯಲ್ಲಿ ಕೂದಲೆಳೆಯಂಥ ಸೀಸದ ಸಿಪ್ಪೆ ಸುರುಳಿ ಏಳುತ್ತದೆ. ಅದು ಮುಂದಿನ ಕಾಳಿಗೆ ಅಂಟುತ್ತದೆ.

ಎರಡನೆಯ ತಪ್ಪು ದೊಡ್ಡದು, ಅದನ್ನು ಹಿಡಿಯಲು ವಾರ ಬೇಕಾಯಿತು. ಗಾಜಿನ ಮೇಲೆ ಎಲ್ಲ ಕಾಳೂ ಒಂದೇ ಗುಳಿಗೆ ಬೀಳುತ್ತಿವೆ, ಆದರೆ ಕಾರ್ಡಿನ ಮೇಲೆ ಗುಂಪು, ಅಂದರೆ ಒಂದೇ ಗುರಿಗೆ ಹೊಡೆದ ತೂತುಗಳ ಹರಡು, ಮೊದಲಿಗಿಂತ ಕೆಟ್ಟದು, ಅದೂ ಮೇಲೆ ಕೆಳಗೆ ಹರಡಿದೆ. ವೇಗ ಅಳೆಯುವ ಕ್ರೊನೊಗ್ರಾಫ್ ಇಟ್ಟರೆ, ಸೆಕೆಂಡಿಗೆ 244 ಮೀಟರ್ ಇರಬೇಕಾದದ್ದು ಕೆಳಗಿಳಿದು ಒಂದೊಂದು ಹೊಡೆತಕ್ಕೆ ಒಂದೊಂದು ತೋರಿಸುತ್ತಿದೆ. ಆಗ ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ: ಗಾಳಿ ಪೂರ್ತಿ ಖಾಲಿ ಮಾಡಿ, ತಿದ್ದದ ಒಂದು ಕಾಳನ್ನು ಕ್ಲೀನಿಂಗ್ ರಾಡಿನಲ್ಲಿ ನಳಿಗೆಯ ಉದ್ದಕ್ಕೂ ಮೆಲ್ಲಗೆ ತಳ್ಳಿ ಹೊರತೆಗೆದೆ. ಲಂಗದ ಮೇಲೆ ನಳಿಗೆಯ ಒಳಗಿನ ಸುರುಳಿ ಗೆರೆಗಳ ಅಚ್ಚು ಬಿದ್ದಿರುತ್ತದೆ. ಮೈಕ್ರೊಮೀಟರಿನ ರ್‍ಯಾಚೆಟ್ ಮುಟ್ಟಿಯೂ ಮುಟ್ಟದ ಹಾಗೆ ತಿರುಗಿಸಿ ಅಳೆದೆ. ಸೀಸವಾದ್ದರಿಂದ ಕೊಂಚ ಬಿಗಿದರೂ ಅಳತೆಯೇ ಚಪ್ಪಟೆಯಾಗುತ್ತದೆ. 4.52. ನಾನು ಲಂಗವನ್ನು 4.505ಕ್ಕೆ ಕುಗ್ಗಿಸಿ ನಳಿಗೆಗೆ ಹಾಕುತ್ತಿದ್ದೆ. ಸುತ್ತಲೂ ಗಾಳಿ ಸೋರುತ್ತಿತ್ತು.

ಅಚ್ಚನ್ನು ಅಗಲ ಮಾಡಬೇಕು, ಅದೂ ಒಂದು ಮಿ.ಮೀ.ನ ನೂರರಲ್ಲಿ ಎರಡು ಪಾಲು ಮಾತ್ರ. ಲ್ಯಾಪಿಂಗ್ ಬಿಟ್ಟು ದಾರಿಯಿಲ್ಲ. ಹಿತ್ತಾಳೆ ಕಡ್ಡಿಯ ತುದಿಯನ್ನು ಗರಗಸದಲ್ಲಿ ಸೀಳಿ, ಸೀಳಿಗೆ ಬೆಣೆ ತೂರಿಸಿ ಸ್ವಲ್ಪ ಅಗಲಿಸಿಕೊಂಡು, ಗ್ಯಾರೇಜಿನವರ ವಾಲ್ವ್ ಗ್ರೈಂಡಿಂಗ್ ಪೇಸ್ಟಿನಲ್ಲಿ ನಯದ್ದನ್ನು ಹಚ್ಚಿ, ಕೈ ಡ್ರಿಲ್ಲಿನಲ್ಲಿ ಹಿಂದೆ ಮುಂದೆ ಆಡಿಸುತ್ತಾ ತಿರುಗಿಸುವುದು. ಒಂದೇ ಜಾಗದಲ್ಲಿ ನಿಂತರೆ ತೂತು ಡೊಳ್ಳು ಹೊಟ್ಟೆಯಾಗುತ್ತದೆ. ಅರ್ಧ ನಿಮಿಷ ತಿರುಗಿಸು, ಸೀಮೆಎಣ್ಣೆಯಲ್ಲಿ ತೊಳೆ, ಒಂದು ಕಾಳು ದಾಟಿಸಿ ಅಳೆ, ಮತ್ತೆ ತಿರುಗಿಸು. ಹೆಚ್ಚು ಉಜ್ಜಿದರೆ ವಾಪಸಿಲ್ಲ, ಅಡುಗೆಗೆ ಉಪ್ಪು ಬಿದ್ದ ಹಾಗೆ. ಕೊನೆಗೆ ಬ್ರಾಸೊ ಹಚ್ಚಿ ಹೊಳಪು. ಎರಡು ಸಂಜೆಗೆ 4.525ಕ್ಕೆ ನಿಲ್ಲಿಸಿದೆ. ಬೆಳಕಿಗೆ ಹಿಡಿದರೆ ತೂತಿನೊಳಗೆ ಹೆಂಚಿನ ಮಾಡು ಉಂಗುರ ಉಂಗುರವಾಗಿ ಕಾಣುತ್ತಿತ್ತು.

ಫಲ ಏನು ಅಂದರೆ: ನನ್ನ ಒಳ್ಳೆಯ ಗುಂಪು ಮೊದಲೂ 7 ಮಿ.ಮೀ. ಇತ್ತು, ಈಗಲೂ 7. ಸೈಜರ್ ಅದನ್ನು 5 ಮಾಡುತ್ತದೆ ಅಂತ ಯಾರಾದರೂ ಹೇಳಿದರೆ ನನಗಂತೂ ನಂಬಿಕೆಯಿಲ್ಲ. ಹೋದದ್ದು ಕೆಟ್ಟ ಗುಂಪು. 14, 15 ಬರುತ್ತಿದ್ದ ದಿನಗಳು ನಿಂತವು. ಆದರೆ ಕೆಟ್ಟ ಹೊಡೆತಕ್ಕೆ ಪೆಲೆಟ್ಟನ್ನು ಬೈಯುವ ಸುಖ ಹೋಯಿತು. ಬಿಸಿಲೇರಿ ಕಣದ ಸಿಮೆಂಟು ಕಾದು, ಧರೆಗೆ ಬಡಿದ ಗಾಳಿ ಮಗುಚಿಕೊಂಡು ಬರುವಾಗ ಹೋದ ಅಂಕಗಳೆಲ್ಲ ಈಗ ನನ್ನ ಖಾತೆಗೇ. ಗಾಳಿ ನೋಡಲು ಮೇಜಿನಿಂದ ಧರೆಯವರೆಗೆ ಮೂರು ಗಳ ನೆಟ್ಟು ಪ್ಲಾಸ್ಟಿಕ್ ರಿಬ್ಬನ್ ಕಟ್ಟಿದ್ದೇನೆ. ಮೂರೂ ಮೂರು ದಿಕ್ಕಿಗೆ ಹಾರುತ್ತವೆ. ಮನೆಯವಳು, "ಯಾರ್ದ್ರೀ ಮದ್ವೆ?" ಅಂತ ಕೇಳಿದಳು.

ಮೊನ್ನೆ ಸಕಲೇಶಪುರದಿಂದ ಗೆಳೆಯ ಬಂದಿದ್ದ. ನಾನು ಒತ್ತಿದ ಐವತ್ತು ಕಾಳು ಒಯ್ದವನು ರಾತ್ರಿ ಫೋನ್ ಮಾಡಿ, "ಏನ್ ಮಾರಾಯ, ನಿನ್ನ ಕಾಳು ನನ್ನ ನಳಿಗೆಗೆ ಬಿಗಿಯಾಗಿ ಹೋಗ್ತವೆ, ಡಬ್ಬಿಯದ್ದೇ ವಾಸಿ" ಅಂದ. ಕಾಳು ತಳ್ಳಿ ಅಳೆದು ನೋಡು ಅಂದೆ. ಅವನದ್ದು 4.50 ಬಂತು. ನಾನು ಎರಡು ಸಂಜೆ ಕೂತು ಉಜ್ಜಿ ಹಾಳುಮಾಡಿದ ಹಳೇ ಅಳತೆಯೇ ಅವನಿಗೆ ಬೇಕಾಗಿದ್ದದ್ದು. ರೀಮರ್ ಇನ್ನೂ ಎಣ್ಣೆ ಕಾಗದದಲ್ಲಿದೆ. ಸೋಮವಾರ ಇಬ್ಬರೂ ಹಾಸನಕ್ಕೆ ಹೋಗುವುದು ಅಂತಾಗಿದೆ. ಆಚಾರ್ರಿಗೆ ಈ ಸಲ ನಾಲ್ಕು ಕಾಳು ತೋರಿಸಬೇಕಾಗಿಲ್ಲ.