ಕಲಬುರಗಿ ಬಿಸಿಲಿನಲ್ಲಿ ಕೊಂಬುಚಾ: ಜಾಡಿಯನ್ನು 26 ಡಿಗ್ರಿಗೆ ನಿಲ್ಲಿಸುವುದು ಹೇಗೆ

ಕೊಂಬುಚಾ ಅಂದರೆ ಸಿಹಿ ಚಹಾವನ್ನು ಹುಳಿ ಬರಿಸಿ ಮಾಡುವ ಪಾನೀಯ. ಅದನ್ನು ಮಾಡುವ ವಿಧಾನ ಹೇಳುವವರೆಲ್ಲ ಕೊನೆಗೆ ‘ರೂಮ್ ಟೆಂಪರೇಚರ್‌ನಲ್ಲಿ ಏಳೆಂಟು ದಿನ ಇಡಿ’ ಎಂದು ಕೈ ತೊಳೆದುಕೊಳ್ಳುತ್ತಾರೆ. ಮೇ ತಿಂಗಳಲ್ಲಿ ಕಲಬುರಗಿ, ಯಾದಗಿರಿಯ ಆರ್‌ಸಿಸಿ ಮನೆಯ ಕೋಣೆ 36–38 ಡಿಗ್ರಿ ಇರುತ್ತದೆ. ಜನವರಿಯಲ್ಲಿ ಬೀದರಿನ ಅದೇ ಥರದ ಕೋಣೆ ಬೆಳಗಿನ ಜಾವ 17–18ಕ್ಕೆ ಇಳಿಯುತ್ತದೆ. ಎರಡೂ ರೂಮ್ ಟೆಂಪರೇಚರ್‌ಗಳೇ, ಎರಡರಲ್ಲೂ ಕೊಂಬುಚಾ ಕೆಡುತ್ತದೆ.

ಕಾರಣ ಸರಳ. ಜಾಡಿಯೊಳಗೆ ಕೆಲಸ ಮಾಡುವವರು ಇಬ್ಬರು. ಯೀಸ್ಟ್ ಸಕ್ಕರೆಯನ್ನು ಆಲ್ಕೋಹಾಲ್ ಮಾಡುತ್ತದೆ. ಬ್ಯಾಕ್ಟೀರಿಯಾ ಆ ಆಲ್ಕೋಹಾಲನ್ನು ಹುಳಿ ಮಾಡುತ್ತದೆ. 24ರಿಂದ 28 ಡಿಗ್ರಿ ಒಳಗೆ ಇಬ್ಬರೂ ಜೊತೆಯಾಗಿ ನಡೆಯುತ್ತಾರೆ. 30 ದಾಟಿದರೆ ಐದೇ ದಿನಕ್ಕೆ ಹುಳಿ ಗಂಟಲು ಹಿಡಿಯುತ್ತದೆ. 35 ದಾಟಿದರೆ ಬ್ಯಾಕ್ಟೀರಿಯಾ ಸೊರಗಿ ಯೀಸ್ಟ್ ಒಂದೇ ಓಡತೊಡಗುತ್ತದೆ: ತಳದಲ್ಲಿ ಕಂದು ಗಸಿ, ಮೇಲೆ ತೆಳ್ಳನೆಯ ಹರಕು ಸ್ಕೋಬಿ (ಈ ಇಬ್ಬರೂ ಸೇರಿ ಚಹಾದ ಮೇಲೆ ಕಟ್ಟುವ ಕೆನೆಯಂಥ ಪದರ). 20ಕ್ಕಿಂತ ಕೆಳಗೆ ಅಪಾಯ ಬೇರೆ ತರಹದ್ದು. ಹುಳಿ ಏರುವುದು ತಡವಾಗುತ್ತದೆ, ಆ ಸಮಯದಲ್ಲಿ ಬೂಷ್ಟು ಬಂದು ಕೂರುತ್ತದೆ. ಆದ್ದರಿಂದ 26ನ್ನು ಗುರಿ ಇಟ್ಟುಕೊಳ್ಳಿ, ದಿನದ ಏರಿಳಿತ ಎರಡು ಡಿಗ್ರಿ ದಾಟದಂತೆ ನೋಡಿಕೊಳ್ಳಿ.

ಮೊದಲು ಅಳೆಯುವುದು ಕಲಿಯಬೇಕು. ಗೋಡೆಯ ಥರ್ಮಾಮೀಟರ್ ಗಾಳಿಯನ್ನು ಹೇಳುತ್ತದೆ. ನಮಗೆ ಬೇಕಾದದ್ದು ಚಹಾದ ಉಷ್ಣತೆ. ಮೀನಿನ ತೊಟ್ಟಿ ಸಾಮಾನು ಮಾರುವ ಅಂಗಡಿಯಲ್ಲಿ ಗಾಜಿಗೆ ಅಂಟಿಸುವ ಬಣ್ಣದ ಪಟ್ಟಿ ಸಿಗುತ್ತದೆ, ದಿನನಿತ್ಯಕ್ಕೆ ಅಷ್ಟು ಸಾಕು. ವೈರ್ ಇರುವ ಡಿಜಿಟಲ್ ಥರ್ಮಾಮೀಟರ್ ಇದ್ದರೆ ಅದರ ಮೂತಿಯನ್ನು ಜಾಡಿಯ ಪಕ್ಕಕ್ಕೆ ಟೇಪಿನಿಂದ ಅಂಟಿಸಿ, ಮೇಲೊಂದು ಥರ್ಮಾಕೋಲ್ ತುಂಡು ಒತ್ತಿ ಕಟ್ಟಿ; ಇಲ್ಲದಿದ್ದರೆ ಅದೂ ಗಾಳಿಯನ್ನೇ ಅಳೆಯುತ್ತದೆ. ಪುಡಿ ಮಾಡಿದ ಐಸ್ ತುಂಬಿದ ಲೋಟಕ್ಕೆ ಸ್ವಲ್ಪ ನೀರು ಹಾಕಿ ಅದ್ದಿದಾಗ ಸೊನ್ನೆ ತೋರಿಸಬೇಕು. ಎರಡು ಡಿಗ್ರಿ ತಪ್ಪು ತೋರಿಸಿದರೆ ಆ ಎರಡನ್ನು ನೆನಪಿಟ್ಟುಕೊಂಡು ಓದಿ, ಎಸೆಯಬೇಕಿಲ್ಲ.

ಜಾಡಿ ಎಲ್ಲಿಡುತ್ತೀರಿ ಎಂಬುದರಲ್ಲೇ ಮೂರ್ನಾಲ್ಕು ಡಿಗ್ರಿ ಉಳಿಯುತ್ತದೆ. ಅಡುಗೆಮನೆಯ ಸಜ್ಜಾ ಬೇಡವೇ ಬೇಡ. ಬಿಸಿ ಗಾಳಿ ಮೇಲೇರುತ್ತದೆ, ಕಾದ ಛತ್ತು ಸಂಜೆ ಆರರಿಂದ ರಾತ್ರಿ ಒಂಬತ್ತರವರೆಗೂ ಕಾವು ಇಳಿಸುತ್ತಲೇ ಇರುತ್ತದೆ. ಕೆಳಮನೆಯಲ್ಲಿ, ಪಶ್ಚಿಮದ ಗೋಡೆಯಿಂದ ದೂರ, ಶಹಾಬಾದ್ ಫರ್ಸಿಯ ಮೇಲೆ ನೇರವಾಗಿ ಇಡಿ. ಕಲ್ಲು ಮಣ್ಣಿಗೆ ತಾಗಿರುವುದರಿಂದ ಮಧ್ಯಾಹ್ನವೂ ಅಷ್ಟಾಗಿ ಕಾಯುವುದಿಲ್ಲ. ಮಹಡಿ ಮನೆಯ ಫರ್ಸಿಗೆ ಈ ಗುಣ ಇಲ್ಲ.

ಇನ್ನು ಚಹಾ. ಮೂರು ಲೀಟರ್ ಕೊಂಬುಚಾಕ್ಕೆ ನಾಲ್ಕು ಲೀಟರಿನ ಅಗಲ ಬಾಯಿಯ ಗಾಜಿನ ಜಾಡಿ, 20 ಗ್ರಾಂ ಕಪ್ಪು ಚಹಾಪುಡಿ, 220 ಗ್ರಾಂ ಸಕ್ಕರೆ, ಹಿಂದಿನ ಸಲದ ಹುಳಿ ಕೊಂಬುಚಾ 300 ಮಿಲಿ, ಒಂದು ಸ್ಕೋಬಿ. ಬೇಸಿಗೆಯಲ್ಲಿ ಬಹಳ ಮಂದಿ ಎಡವುವುದು ಇಲ್ಲಿ: ಕುದಿಸಿದ ಚಹಾ ‘ತಣ್ಣಗಾಗಲಿ’ ಎಂದು ಬಿಡುತ್ತಾರೆ. ಕೋಣೆಯೇ 37 ಇದ್ದರೆ ಚಹಾ ರಾತ್ರಿಯಿಡೀ ಇಟ್ಟರೂ 37ರ ಕೆಳಗೆ ಇಳಿಯುವುದು ಕಷ್ಟ, ಅದಕ್ಕೆ ಸ್ಕೋಬಿ ಹಾಕಿದರೆ ಮೊದಲ ದಿನವೇ ಪೆಟ್ಟು. ಹೀಗೆ ಮಾಡಿ. ಹಿಂದಿನ ದಿನವೇ 1.7 ಲೀಟರ್ ನೀರು ಕುದಿಸಿ, ಆರಿಸಿ ಫ್ರಿಜ್‌ನಲ್ಲಿಡಿ. ಮರುದಿನ ಒಂದು ಲೀಟರ್ ಕುದಿಯುವ ನೀರಿನಲ್ಲಿ ಪೂರ್ತಿ ಚಹಾ ಹಾಕಿ ಹತ್ತು ನಿಮಿಷ ಬಿಟ್ಟು ಸೋಸಿ, ಸಕ್ಕರೆ ಕರಗಿಸಿ, 60 ಡಿಗ್ರಿಗೆ ಬರಲು ಬಿಡಿ. ಆಮೇಲೆ ಫ್ರಿಜ್ ನೀರು ಸೇರಿಸಿ. ಮಿಶ್ರಣ 27–28ಕ್ಕೆ ಬಂದು ನಿಲ್ಲುತ್ತದೆ. ಅಳೆದು ನೋಡಿ, ಆಮೇಲಷ್ಟೇ ಹಳೆ ಕೊಂಬುಚಾ ಮತ್ತು ಸ್ಕೋಬಿ. ಹುಳಿ ಅಳೆಯುವ ಪಿಎಚ್ ಪಟ್ಟಿ (ಸಂಖ್ಯೆ ಇಳಿದಷ್ಟೂ ಹುಳಿ ಹೆಚ್ಚು) ಇದ್ದರೆ ಈಗ 4.5ಕ್ಕಿಂತ ಕಡಿಮೆ ತೋರಿಸಬೇಕು. ಜಾಸ್ತಿ ಇದ್ದರೆ ಇನ್ನೊಂದು ಲೋಟ ಹುಳಿ ಕೊಂಬುಚಾ ಸುರಿಯಿರಿ. ಜಾಡಿಯ ಬಾಯಿಗೆ ಮಸ್ಲಿನ್ ಬೇಡ, ಸಣ್ಣ ನೊಣ ನುಸುಳುತ್ತದೆ. ದಟ್ಟ ನೇಯ್ಗೆಯ ಹತ್ತಿ ಅರಿವೆ, ಮೇಲೆ ರಬ್ಬರ್.

ಮಾರ್ಚಿಯಿಂದ ಮೊದಲ ಮಳೆಯವರೆಗೆ ನಮ್ಮ ಕಡೆಯ ಗಾಳಿ ಒಣಗಿರುತ್ತದೆ, ಇದು ವರ. ಒದ್ದೆ ಅರಿವೆಯಿಂದ ನೀರು ಆರುವಾಗ ಕಾವನ್ನೂ ಎಳೆದುಕೊಂಡು ಹೋಗುತ್ತದೆ, ಗಾಳಿ ಒಣಗಿದಷ್ಟೂ ಜೋರಾಗಿ. ಕೋಣೆ 36 ಇದ್ದು ತೇವಾಂಶ ಶೇ. 25 ಇದ್ದರೆ ಒದ್ದೆ ಅರಿವೆ ಲೆಕ್ಕದ ಪ್ರಕಾರ 22ರ ಹತ್ತಿರ ಇಳಿಯಬಲ್ಲದು. ಮನೆಯಲ್ಲಿ ಅಷ್ಟು ಆಗುವುದಿಲ್ಲ, ಆದರೆ 26–27 ಸಿಗುತ್ತದೆ. ಅಗಲವಾದ ಪರಾತ ಅಥವಾ ಟಬ್ಬಿನಲ್ಲಿ ಆರು ಲೀಟರ್ ನೀರು ತುಂಬಿ ನಡುವೆ ಜಾಡಿ ಇಡಿ. ಹಳೆ ಹತ್ತಿ ಟವೆಲ್ ಅಥವಾ ತೆಳು ಗೋಣಿಯನ್ನು ಜಾಡಿಗೆ ಸುತ್ತಿ, ಕೆಳ ಅಂಚು ನೀರಿನಲ್ಲಿ ಮುಳುಗಿರಲಿ, ಮೇಲಂಚು ಬಾಯಿಯ ಅರಿವೆಗಿಂತ ನಾಲ್ಕು ಬೆರಳು ಕೆಳಗೇ ನಿಲ್ಲಲಿ. ಮುಚ್ಚುವ ಅರಿವೆ ಒದ್ದೆಯಾದರೆ ಬೂಷ್ಟಿಗೆ ಅದೇ ಏಣಿ. ಪಾಲಿಯೆಸ್ಟರ್ ಟವೆಲ್ ನೀರು ಮೇಲೆಳೆಯುವುದಿಲ್ಲ, ಬೇಡ.

ಸಣ್ಣ ಟೇಬಲ್ ಫ್ಯಾನ್ ಕಡಿಮೆ ವೇಗದಲ್ಲಿ ಟವೆಲ್ ಕಡೆ ತಿರುಗಿಸಿದರೆ ಇನ್ನೂ ಒಂದೆರಡು ಡಿಗ್ರಿ ಇಳಿಯುತ್ತದೆ. ಮನೆಯ ಕೂಲರ್ ಎದುರು ಇಡುವ ಆಸೆ ಎಲ್ಲರಿಗೂ ಬರುತ್ತದೆ, ಇಡಬೇಡಿ. ಕೂಲರ್ ಗಾಳಿ ಮೊದಲೇ ತೇವ, ಅದರಿಂದ ಟವೆಲ್ ಆರುವುದೇ ನಿಧಾನ. ಮೇಲಾಗಿ ಹಳೆ ಹುಲ್ಲಿನ ಪ್ಯಾಡಿನ ಬೂಷ್ಟಿನ ಬೀಜ ನೇರ ಜಾಡಿಗೆ ಬರುತ್ತದೆ. ಬೋರ್ ನೀರು ಬಳಸಿದರೆ ವಾರದೊಳಗೆ ಟವೆಲ್ ಬಿಳಿ ಉಪ್ಪು ಹಿಡಿದು ಗಡುಸಾಗಿ ನೀರು ಹೀರುವುದು ನಿಲ್ಲಿಸುತ್ತದೆ. ವಿನೆಗರ್ ಹಾಕಿದ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಹಿಂಡಿದರೆ ಸರಿಹೋಗುತ್ತದೆ. ಟಬ್ಬಿನ ನೀರು ಎರಡು ದಿನಕ್ಕೊಮ್ಮೆ ಬದಲಿಸಿ, ಇಲ್ಲದಿದ್ದರೆ ಸೊಳ್ಳೆ ಸಾಕಿದಂತೆ.

44 ಡಿಗ್ರಿಯ ದಿನಗಳಲ್ಲಿ ಇಷ್ಟೂ ಸಾಲದಾಗುತ್ತದೆ. ಆಗ ಐಸ್ ಬಾಟಲಿ. ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಯಲ್ಲಿ ಮುಕ್ಕಾಲು ನೀರು ತುಂಬಿ ಫ್ರೀಜರ್‌ನಲ್ಲಿಡಿ. ಜಾಡಿ ಮತ್ತು ಟಬ್ ಸೇರಿ ಸುಮಾರು ಹತ್ತು ಲೀಟರ್ ನೀರು ಎಂದುಕೊಂಡರೆ, ಇಂಥ ಒಂದು ಬಾಟಲಿ ಪೂರ್ತಿ ಕರಗುವಷ್ಟರಲ್ಲಿ ನಾಲ್ಕು ಡಿಗ್ರಿಯ ಆಸುಪಾಸು ಇಳಿಸುತ್ತದೆ. ಬೆಳಿಗ್ಗೆ ಹತ್ತಕ್ಕೆ ಒಂದು, ಸಂಜೆ ಐದಕ್ಕೆ ಒಂದು ಟಬ್ಬಿನ ನೀರಿಗೆ ಬಿಡಿ, ಜಾಡಿಯೊಳಗಲ್ಲ. ಒಂದೇ ಸಲ ಮೂರು ಹಾಕುವವರಿದ್ದಾರೆ. ಮಧ್ಯಾಹ್ನ 20, ಮಧ್ಯರಾತ್ರಿ 32 ಆಗುತ್ತದೆ, ಬಿಸಿಗಿಂತ ಈ ಜೀಕಾಟ ಕೆಟ್ಟದ್ದು. ಕರೆಂಟ್ ಹೋಗುವ ದಿನಗಳಿಗಾಗಿ ಫ್ರೀಜರ್‌ನಲ್ಲಿ ಯಾವಾಗಲೂ ಎರಡು ಬಾಟಲಿ ಹೆಚ್ಚಿಗೆ ಇರಲಿ.

ಜೂನ್ ಮಧ್ಯದಿಂದ ಒದ್ದೆ ಟವೆಲ್ ತೆಗೆದುಬಿಡಿ. ತೇವಾಂಶ ಶೇ. 80 ಇರುವಾಗ ಅದು ಎರಡು ಮೂರು ಡಿಗ್ರಿಗಿಂತ ಹೆಚ್ಚು ಇಳಿಸುವುದಿಲ್ಲ, ಕೋಣೆಯ ತೇವವನ್ನಷ್ಟೇ ಹೆಚ್ಚಿಸುತ್ತದೆ. ಮಳೆಗಾಲದ ಕೋಣೆ ಹೇಗೂ 27–29 ಇರುತ್ತದೆ, ಹಾಗೇ ಬಿಡಿ. ಐದನೇ ದಿನದಿಂದ ರುಚಿ ನೋಡಿ.

ಚಳಿಗಾಲ ಕಲಬುರಗಿಯಲ್ಲಿ ಅಷ್ಟೇನೂ ಕಾಡುವುದಿಲ್ಲ, ಬೀದರಿನವರಿಗೆ ಬೇಕು ಏರ್ಪಾಡು. ಅದೇ ಟಬ್, ಅದೇ ನೀರು, ಅದರಲ್ಲಿ ಮೀನಿನ ತೊಟ್ಟಿಯ 50 ವ್ಯಾಟ್ ಹೀಟರ್. ಅದರಲ್ಲೇ ಥರ್ಮೋಸ್ಟಾಟ್ ಇರುತ್ತದೆ, 26ಕ್ಕೆ ತಿರುಗಿಸಿ. ನೀರು ಜಾಡಿಯ ಅರ್ಧಕ್ಕಿಂತ ಮೇಲೆ ಇರಲಿ, ಹೀಟರ್ ಯಾವಾಗಲೂ ಪೂರ್ತಿ ಮುಳುಗಿರಲಿ. ನೀರು ಆರಿ ಹೀಟರ್ ಹೊರಬಂದರೆ ಗಾಜು ಸಿಡಿಯುತ್ತದೆ. ಟಬ್ಬಿಗೆ ಕೈ ಹಾಕುವ ಮೊದಲು ಪ್ಲಗ್ ಕಿತ್ತುಹಾಕಿ. ಹೀಟಿಂಗ್ ಮ್ಯಾಟ್ ಇದ್ದರೆ ಜಾಡಿಯ ಕೆಳಗೆ ಹಾಸಬೇಡಿ, ಪಕ್ಕಕ್ಕೆ ಸುತ್ತಿ. ಯೀಸ್ಟ್ ಗಸಿ ಇರುವುದು ತಳದಲ್ಲಿ, ಅಲ್ಲಿ ಕಾವು ಕೊಟ್ಟರೆ ಅದಕ್ಕೇ ಬಲ ಬರುತ್ತದೆ.

ಹಳೆ ಫ್ರಿಜ್ಜಿಗೆ ಕಂಟ್ರೋಲರ್ ಹಾಕುವ ವಿಚಾರ. ಒಂದು ಜಾಡಿಗಾಗಿ ಇದು ದಂಡ, ನಾಲ್ಕೈದು ಜಾಡಿ ಸದಾ ನಡೆಸುವವರಿಗೆ ಮಾತ್ರ. ಫ್ರಿಜ್ಜಿನ ಸ್ವಂತ ಥರ್ಮೋಸ್ಟಾಟ್ 26ಕ್ಕೆ ನಿಲ್ಲುವುದಿಲ್ಲ; ಉಷ್ಣತೆ ನೋಡಿಕೊಂಡು ಫ್ರಿಜ್ ಆನ್-ಆಫ್ ಮಾಡುವ ಎಸ್‌ಟಿಸಿ–1000 ಥರದ ಕಂಟ್ರೋಲರ್ ಬೇಕು. ಅದರ ಸೆಟ್ಟಿಂಗ್‌ಗಳಲ್ಲಿ ಎಫ್1ರಲ್ಲಿ 26, ಎಫ್2ರಲ್ಲಿ ವ್ಯತ್ಯಾಸ 1 ಡಿಗ್ರಿ, ಎಫ್3ರಲ್ಲಿ ಕಂಪ್ರೆಸರ್ ವಿರಾಮ 5 ನಿಮಿಷ. ವಿರಾಮ ಕಡಿಮೆ ಇಟ್ಟರೆ, ಕರೆಂಟ್ ಹೋಗಿ ಬರುವಾಗ ಕಂಪ್ರೆಸರ್ ಸುಡುತ್ತದೆ. ಸೆನ್ಸರ್ ಜಾಡಿಗೆ ಅಂಟಿರಬೇಕು, ಗಾಳಿಯಲ್ಲಿ ತೂಗಬಾರದು. ವೈರಿಂಗ್ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ದಿನಕ್ಕೊಮ್ಮೆ ಬಾಗಿಲು ತೆರೆದು ಗಾಳಿ ಆಡಲು ಬಿಡಿ, ಬ್ಯಾಕ್ಟೀರಿಯಾಕ್ಕೆ ಆಮ್ಲಜನಕ ಬೇಕು.

26ರಲ್ಲಿ ಇಟ್ಟ ಜಾಡಿ ಏಳರಿಂದ ಒಂಬತ್ತು ದಿನಕ್ಕೆ ಕುಡಿಯುವ ಹದಕ್ಕೆ ಬರುತ್ತದೆ, ಪಿಎಚ್ 3ರ ಆಸುಪಾಸು. ಸ್ಕೋಬಿಯಿಂದ ಜೋತುಬೀಳುವ ಕಂದು ಎಳೆ ಯೀಸ್ಟ್, ಹೆದರಬೇಡಿ. ಒಣಗಿದ, ತುಪ್ಪಳದಂಥ ಹಸಿರು, ಕಪ್ಪು ಅಥವಾ ಬಿಳಿ ಚುಕ್ಕಿ ಮೇಲೆ ಕಂಡರೆ ಅದು ಬೂಷ್ಟು. ಚುಕ್ಕಿ ಕೆತ್ತಿ ಉಳಿಸುವ ಮಾತಿಲ್ಲ, ಸ್ಕೋಬಿ ಸಮೇತ ಪೂರ್ತಿ ಚೆಲ್ಲಿ ಜಾಡಿ ಕುದಿನೀರಿನಲ್ಲಿ ತೊಳೆಯಿರಿ.

ಬಾಟಲಿಗೆ ತುಂಬಿ ಗ್ಯಾಸ್ ಬರಿಸುವಾಗ ಕಾವಿನ ಲೆಕ್ಕ ಮತ್ತೆ ಬರುತ್ತದೆ. ಮಾವಿನ ರಸ ಹತ್ತರಲ್ಲಿ ಒಂದು ಪಾಲು ಹಾಕಿದ ಬಾಟಲಿ 26ರಲ್ಲಿ ಎರಡು ಮೂರು ದಿನ ತೆಗೆದುಕೊಂಡರೆ 38ರಲ್ಲಿ ಒಂದೇ ರಾತ್ರಿ ಸಾಕು. ಮರುದಿನ ಮಧ್ಯಾಹ್ನದವರೆಗೆ ಮರೆತರೆ ಗಾಜು ಒಡೆಯುತ್ತದೆ. ಅದಕ್ಕೇ ಪ್ರತಿ ಸಲ ಒಂದು ಖಾಲಿ ಸೋಡಾ ಪ್ಲಾಸ್ಟಿಕ್ ಬಾಟಲಿಯಲ್ಲೂ ತುಂಬಿಡಿ: ಅದು ಒತ್ತಿದರೆ ಬಗ್ಗದಷ್ಟು ಗಟ್ಟಿಯಾದ ಕೂಡಲೇ ಎಲ್ಲವನ್ನೂ ಫ್ರಿಜ್‌ಗೆ ಸೇರಿಸಿ, ತೆರೆಯುವ ಮುನ್ನ ಆರು ಗಂಟೆ ತಣ್ಣಗಿರಲಿ. ಹೀಗೆ ಬಿಗಿದ ಬಾಟಲಿಯಲ್ಲಿ ಆಲ್ಕೋಹಾಲ್ ಅಂಶ ಸ್ವಲ್ಪ ಏರುತ್ತದೆ, ಬಸುರಿಯರಿಗೆ, ಮಕ್ಕಳಿಗೆ ಕೊಡಬೇಡಿ.

ಬೇಸಿಗೆ ರಜೆಗೆ ಊರಿಗೆ ಹೋಗುವಾಗ ಐಸ್ ಬಾಟಲಿ ಬದಲಿಸುವವರು ಇರುವುದಿಲ್ಲ. ಆಗ ಹೊಸ ಚಹಾ ಹಾಕಬೇಡಿ. ಸ್ಕೋಬಿಯನ್ನು ಚೆನ್ನಾಗಿ ಹುಳಿಯಾದ ಅರ್ಧ ಲೀಟರ್ ಹಳೆ ಕೊಂಬುಚಾದಲ್ಲಿ ಮುಳುಗಿಸಿ, ಅರಿವೆ ಕಟ್ಟಿ, ಫರ್ಸಿಯ ಮೇಲೆ ತಂಪು ಮೂಲೆಯಲ್ಲಿಟ್ಟು ಹೋಗಿ. ಬಂದ ಮೇಲೆ ಮೊದಲ ಜಾಡಿಗೆ ಹುಳಿ ಕೊಂಬುಚಾ 300ರ ಬದಲು 400 ಮಿಲಿ ಹಾಕಿ, ಫ್ರಿಜ್ ನೀರನ್ನು ಅಷ್ಟು ಕಡಿಮೆ ಮಾಡಿ.