ಹೆರಿಗೆಗೆ ತವರಿಗೆ ಹೋಗುವ ಮುನ್ನ ತಾಯಿ ಕಾರ್ಡ್ ಮತ್ತು ಬ್ಯಾಂಕ್ ಖಾತೆ ನೋಡಿಕೊಳ್ಳಿ
ಗರ್ಭಿಣಿ ಎಂದು ಗೊತ್ತಾದ ಕೂಡಲೇ, 12 ವಾರ ತುಂಬುವುದರೊಳಗೆ, ಆಶಾ ಕಾರ್ಯಕರ್ತೆಯ ಬಳಿ ಹೆಸರು ಬರೆಸಿ, ತಪಾಸಣೆ ಮತ್ತು ಲಸಿಕೆಗಳನ್ನು ಬರೆದಿಡುವ ತಾಯಿ ಕಾರ್ಡ್ ಪಡೆಯಿರಿ. ಬಿಪಿಎಲ್ ಕಾರ್ಡ್ ಇಲ್ಲವೆಂದು ಹಿಂಜರಿಯಬೇಡಿ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮಕ್ಕೆ ಅದು ಬೇಕಿಲ್ಲ. ಇದರಡಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಸ್ಕ್ಯಾನಿಂಗ್ ಎಲ್ಲವೂ ಉಚಿತ. ಊಟ ಸಹಜ ಹೆರಿಗೆಗೆ 3 ದಿನ, ಸಿಸೇರಿಯನ್‌ಗೆ 7 ದಿನ. ಕಾಯಿಲೆ ಬಿದ್ದ ಮಗುವಿಗೆ ಒಂದು ವರ್ಷದವರೆಗೂ ಚಿಕಿತ್ಸೆಗೆ ಹಣ ಕೊಡಬೇಕಿಲ್ಲ. ಆಸ್ಪತ್ರೆಗೆ ಹೋಗಲು 108, ಬಾಣಂತಿ ಮನೆಗೆ ಮರಳಲು ನಗು-ಮಗು ವಾಹನ ಕೇಳಿ.

ಕೇಂದ್ರ ಸರ್ಕಾರದ ಮಾತೃ ವಂದನಾ ಯೋಜನೆಯ ಹಣ ಬೇರೆ: ಅರ್ಹರಿಗೆ ಮೊದಲ ಮಗುವಿಗೆ ಎರಡು ಕಂತಿನಲ್ಲಿ 5,000 ರೂ., ಎರಡನೆಯದು ಹೆಣ್ಣಾದರೆ 6,000 ರೂ. ಅರ್ಜಿ ಅಂಗನವಾಡಿಯಲ್ಲಿ. ಹಣ ಬಾರದೆ ತಡೆಯಾಗುವುದು ಹೆಚ್ಚಾಗಿ ಖಾತೆಯ ತೊಂದರೆಯಿಂದಲೇ. ಗಂಡನ ಖಾತೆ ನಡೆಯದು, ತಾಯಿಯದೇ ಬೇಕು, ಅದಕ್ಕೆ ಆಧಾರ್ ಜೋಡಣೆ ಆಗಿರಬೇಕು. ಮದುವೆಯ ನಂತರ ಹೆಸರು ಬದಲಾಗಿದ್ದರೆ ಆಧಾರ್, ಪಾಸ್‌ಬುಕ್ ಎರಡರಲ್ಲೂ ಒಂದೇ ಹೆಸರಿರಲಿ. ಇದನ್ನು ಐದನೇ ತಿಂಗಳೊಳಗೇ ಸರಿಮಾಡಿಸಿ, ಬಾಣಂತನದಲ್ಲಿ ಬ್ಯಾಂಕಿಗೆ ಅಲೆಯಲಾಗದು.

ತವರಿಗೆ ಹೋದರೆ ತಾಯಿ ಕಾರ್ಡ್ ಮರೆಯದೆ ಒಯ್ದು ಅಲ್ಲಿನ ಆಶಾಗೂ ತೋರಿಸಿ. ಮಗುವಿನ ಜನನವನ್ನು 21 ದಿನದೊಳಗೆ ನೋಂದಾಯಿಸಿ. 14 ವಾರದವರೆಗಿನ ಲಸಿಕೆಗಳನ್ನು ತಪ್ಪದೆ ಕಾರ್ಡಿನಲ್ಲಿ ಬರೆಸಿ, ಮಾತೃ ವಂದನಾದ ಕೊನೆಯ ಕಂತಿಗೆ ಅದೇ ದಾಖಲೆ.